ನೆರೆಹೊರೆಯ ಕೈತೋಟ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮನೆಗೊಂದು ಹಿತ್ತಲಿತ್ತು. ಇಂದಿನ ನಗರವಾಸಿಗೆ ಗಾದೆ ಉಳಿದಿದೆ, ಹಿತ್ತಲು ಉಳಿದಿಲ್ಲ. ಉಳಿದಿರುವುದು ಬಿಸಿಲಿಗೆ ಕಾಯುವ ತಾರಸಿ, ಇಲ್ಲವೇ ನಾಲ್ಕು ಕುಂಡಗಳನ್ನಿಡುವಷ್ಟು ಜಾಗ. ಇಷ್ಟರಲ್ಲಿ ತರಕಾರಿ ಬೆಳೆಯಲು ಹೊರಟವರು ಮೊದಲು ಸ್ಥಳವನ್ನೂ ಅನಂತರ ಹಣವನ್ನೂ ಲೆಕ್ಕ ಹಾಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಗರದ ಬೇಸಾಯಕ್ಕೆ ಬೇಕಾದ ಮೊದಲ ಬಂಡವಾಳವೆಂದರೆ ನೆರೆಹೊರೆಯವರ ಸ್ನೇಹ.

ಹಳ್ಳಿಯಲ್ಲಿ ಬೇಸಾಯದ ವಿದ್ಯೆ ತಂದೆಯಿಂದ ಮಗನಿಗೆ, ಹೊಲದಿಂದ ಹೊಲಕ್ಕೆ ಹರಿದುಬಂದಿತು. ನಗರದಲ್ಲಿ ಆ ಪರಂಪರೆ ಕಡಿದುಹೋಗಿದೆ. ಹಣವುಳ್ಳವನು ಅಂಗಡಿಯಿಂದ ಕುಂಡವನ್ನೂ ಗೊಬ್ಬರವನ್ನೂ ಕೊಂಡು ತರಬಲ್ಲನು. ಆದರೆ ಎಷ್ಟು ನೀರು ಹೆಚ್ಚಾಯಿತು, ಯಾವ ಮೂಲೆಯ ಬಿಸಿಲು ಸಾಲದು, ಎಲೆಯ ಅಡಿಯಲ್ಲಿ ಕಾಣುವ ಹುಳು ಯಾವುದು ಎಂಬ ತಿಳಿವನ್ನು ಎಲ್ಲಿಂದ ಕೊಳ್ಳಬೇಕು? ಅದೇ ಬೀದಿಯ ಬಿಸಿಲಿನಲ್ಲಿ, ಅದೇ ನೀರಿನಿಂದ ಗಿಡ ಬೆಳೆಸಿದವರು ಅದನ್ನು ಅರೆಗಳಿಗೆಯಲ್ಲಿ ತಿಳಿಸಿಕೊಡಬಲ್ಲರು.

ಬೀಜದ ವಿಷಯವೂ ಹೀಗೆಯೇ. ಬಸಳೆ, ದೊಡ್ಡಪತ್ರೆಗಳಿಗೆ ನೆರೆಮನೆಯ ಗಿಡದ ಒಂದು ತುಂಡು ಸಾಕು. ನಾಟಿ ಅವರೆಯ ಕೆಲವು ಕಾಯಿಗಳನ್ನು ಬಳ್ಳಿಯಲ್ಲಿಯೇ ಒಣಗಲು ಬಿಟ್ಟರೆ ಮುಂದಿನ ವರ್ಷ ಹಲವು ಮನೆಗಳಿಗೆ ಹಂಚುವಷ್ಟು ಬೀಜ ದೊರೆಯುತ್ತದೆ. ಸಂಕರ ತಳಿಯ ಬೀಜವಾದರೋ ಮರುಬಿತ್ತನೆಯಲ್ಲಿ ತಾಯಿಗಿಡದ ಗುಣವನ್ನು ಸರಿಯಾಗಿ ಉಳಿಸಿಕೊಳ್ಳದು. ಹಂಚಿದಷ್ಟೂ ಹೆಚ್ಚುವ ಸಂಪತ್ತುಗಳಲ್ಲಿ ವಿದ್ಯೆಯ ಜೊತೆಗೆ ನಾಟಿ ಬೀಜವನ್ನೂ ಎಣಿಸಬೇಕು. ಬೆಂಗಳೂರಿನ ತಾರಸಿ ಬೇಸಾಯಗಾರರು ಇದನ್ನು ಚೆನ್ನಾಗಿ ಅರಿತಿದ್ದಾರೆ. ಅಲ್ಲಿ 2011ರಲ್ಲಿ ಆರಂಭವಾದ 'ಊಟ ಫ್ರಮ್ ಯುವರ್ ತೋಟ' ಎಂಬ ಮೇಳಗಳಲ್ಲಿ ಬೀಜಗಳ ವಿನಿಮಯದೊಡನೆ ಅನುಭವದ ವಿನಿಮಯವೂ ನಡೆಯಿತು.

ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನಗರವು ಹಳ್ಳಿಯಿಂದ ಅನ್ನವನ್ನು ಪಡೆದು, ಪ್ರತಿಯಾಗಿ ಕಸವನ್ನು ಕಳುಹಿಸುತ್ತ ಬಂದಿದೆ. ಬೆಂಗಳೂರಿನ ಕಸವನ್ನು ತಮ್ಮೂರಿನಲ್ಲಿ ಸುರಿಯುವುದರ ವಿರುದ್ಧ ಮಂಡೂರಿನ ಜನರು 2014ರಲ್ಲಿ ಪ್ರತಿಭಟಿಸಿದರು. ಹೀಗೆ ಊರಾಚೆಗೆ ಸಾಗುವ ಕಸದಲ್ಲಿ ಮಣ್ಣಾಗಬೇಕಾದ ವಸ್ತುವೇ ಎಷ್ಟೋ ಇರುತ್ತದೆ. ತರಕಾರಿಯ ಸಿಪ್ಪೆಯನ್ನು ಒಣ ಎಲೆಯೊಡನೆ ಪದರಪದರವಾಗಿ ಹಾಕಿಟ್ಟರೆ ಎರಡು ಮೂರು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಒಣ ಎಲೆ ಒಬ್ಬರ ಅಂಗಳದಲ್ಲಿ, ಸಿಪ್ಪೆ ಇನ್ನೊಬ್ಬರ ಅಡುಗೆಮನೆಯಲ್ಲಿ, ಕುಂಡ ಮತ್ತೊಬ್ಬರ ತಾರಸಿಯಲ್ಲಿ ಇರುತ್ತವೆ. ಇವು ಒಂದುಗೂಡಬೇಕಾದರೆ ಮನೆಮನೆಗಳ ನಡುವೆ ಮಾತು ಬೆಳೆಯಬೇಕು. ತಾರಸಿಯ ನೀರು ಸೋರಿ ಕೆಳಮನೆಯ ಗೋಡೆ ತೇವಗೊಂಡರೆ ತೋಟವೇ ಜಗಳಕ್ಕೆ ಕಾರಣವಾದೀತು. ಆದುದರಿಂದ ಕುಂಡಗಳನ್ನು ಇಟ್ಟಿಗೆಗಳ ಮೇಲಿರಿಸಿ ನೀರು ಹರಿದುಹೋಗುವಂತೆ ಮಾಡುವುದೂ, ಕೆಳಗಿನವರ ಒಪ್ಪಿಗೆ ಪಡೆಯುವುದೂ ಬೇಸಾಯದ ಭಾಗವೇ ಆಗಿದೆ.

ಕುಂಡದ ಬೆಳೆಯಿಂದ ಸಂಸಾರದ ಹೊಟ್ಟೆ ತುಂಬದು ಎಂದು ಕೆಲವರು ಆಕ್ಷೇಪಿಸುವುದುಂಟು. ಅದು ನಿಜವೇ. ಭತ್ತ, ರಾಗಿಗಳಿಗೆ ನಾವು ಎಂದಿಗೂ ರೈತನಿಗೆ ಋಣಿಗಳು. ಆದರೆ ಒಂದು ಹಿಡಿ ಮೆಂತ್ಯದ ಸೊಪ್ಪಿಗಾಗಿ ತಿಂಗಳು ಕಾದವನು, ಸಂತೆಯಲ್ಲಿ ಅದರ ಬೆಲೆಯನ್ನು ಚೌಕಾಸಿ ಮಾಡುವ ಮುನ್ನ ಒಮ್ಮೆ ಯೋಚಿಸಿಯಾನು. ಕೈ ಕೆಸರಾದವನಿಗೆ ಮಾತ್ರ ಮೊಸರಿನ ಬೆಲೆ ತಿಳಿಯುತ್ತದೆ.

ತೋಟ ಮಾಡಬಯಸುವವರು ಅಂಗಡಿಗೆ ಹೋಗುವ ಮೊದಲು ನೆರೆಮನೆಯ ಬಾಗಿಲನ್ನು ತಟ್ಟಲಿ. ಬಸಳೆಯ ಒಂದು ತುಂಡನ್ನು ಕೇಳಿ ತಂದು ನೆಡಲಿ. ಅದು ಬಳ್ಳಿಯಾಗಿ ಹಬ್ಬಿದ ಮೇಲೆ ಕೇಳಿದವರಿಗೆ ಕೊಡಲಿ.