ಐದು ಮಕ್ಕಳು ಸಿಕ್ಕರೆ ಸ್ಟಾಕ್‌ಹೋಮ್‌ನಲ್ಲಿ ಕನ್ನಡ ಕ್ಲಾಸು!

"ಕನ್ನಡ ಓದೋರು ಸ್ವೀಡನ್ನಿಗೆ ಹೋಗ್ತಾರಾ ಸಾರ್?"

ಟ್ರಾವೆಲ್ಸ್‌ನ ಮಹಾಶಯನೊಬ್ಬ ನನ್ನ ಪ್ರೆಸ್ಸಿನ ಮೇಜಿನ ಮುಂದೆ ನಿಂತು ಹೀಗೆ ಕೇಳಿ ನಕ್ಕ. ಚಳಿಗಾಲದ ಪ್ಯಾಕೇಜು. ನಾಲ್ಕು ಹಗಲು ಮೂರು ರಾತ್ರಿ ಸ್ಟಾಕ್‌ಹೋಮ್. ಎರಡು ಸಾವಿರ ಕರಪತ್ರ, ಮಲ್ಟಿಕಲರ್. ಹಂಚುವುದು ಪೀಣ್ಯ, ಯಶವಂತಪುರ, ರಾಜಾಜಿನಗರದಲ್ಲಿ. ಒಂದಕ್ಷರ ಕನ್ನಡವಿಲ್ಲ! ಮೇಲುಗಡೆ ಕನ್ನಡದಲ್ಲಿ ಒಂದು ಸಾಲಾದರೂ ಹಾಕೋಣ ಎಂದದ್ದಕ್ಕೆ ಬಂದ ಉತ್ತರ ಅದು. (ಅವನು ಕೊಟ್ಟ ಚಿತ್ರದ ಆಕಾಶದ ತುಂಬ ಹಸಿರು ಬೆಳಕು ಬೇರೆ. ಅದನ್ನು ಚೆನ್ನಾಗಿ ನೋಡಬೇಕಾದರೆ ಸ್ಟಾಕ್‌ಹೋಮ್‌ನಿಂದ ಉತ್ತರಕ್ಕೆ ಸುಮಾರು ಸಾವಿರ ಕಿಲೋಮೀಟರ್ ಹೋಗಬೇಕು. ಅದು ಅವನ ಗಿರಾಕಿಗಳ ಹಣೆಬರಹ.)

ಗೆಳೆಯರೇ, ಕನ್ನಡ ಓದುವ ನಾನು ಆ ಊರಿಗೆ ಹೋಗಿ ಬಂದಿದ್ದೇನೆ. ಪಿಯುಸಿಗೆ ಓದು ನಿಲ್ಲಿಸಿದವನು, ಇಂಗ್ಲಿಷ್ ಅಷ್ಟಕ್ಕಷ್ಟೆ. 2024ರ ಡಿಸೆಂಬರಿನಲ್ಲಿ ನನ್ನ ಅಕ್ಕನ ಮಗ ಟಿಕೆಟ್ ಕಳಿಸಿದ. ನಮ್ಮ ರಾಜಗೋಪಾಲನಗರದ ಗಲ್ಲಿಯಲ್ಲಿ ಗೋಲಿ ಆಡಿ ಬೆಳೆದ ಹುಡುಗ, ಈಗ ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಎರಿಕ್ಸನ್ ಕಂಪನಿಯ ಕೇಂದ್ರವಿರುವ ಕಿಸ್ತಾ ಎಂಬ ಬಡಾವಣೆಯಲ್ಲಿ ಮನೆ. ಬರೆಯುವುದು ಕಿಸ್ತಾ, ಅವರು ಕರೆಯುವುದು ಶೀಸ್ತಾ. ಐದು ದಿನ ಇದ್ದೆ.

ಚಳಿಯ ವಿಷಯ ಬಿಡಿ, ನನ್ನನ್ನು ಹೆದರಿಸಿದ್ದು ಕತ್ತಲೆ. ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ ಸೂರ್ಯ ಹುಟ್ಟುತ್ತಾನೆ, ಮಧ್ಯಾಹ್ನ ಮೂರು ಗಂಟೆಯೊಳಗೆ ಮುಳುಗುತ್ತಾನೆ. ಅದಕ್ಕೇ ಕಿಟಕಿ ಕಿಟಕಿಯಲ್ಲೂ ನಕ್ಷತ್ರದ ದೀಪ ತೂಗುಹಾಕಿರುತ್ತಾರೆ. ನನಗೆ ನಮ್ಮ ಕಾರ್ತಿಕ ಮಾಸ ನೆನಪಾಯಿತು. 1628ರಲ್ಲಿ ಯಾನ ಹೊರಟ ದಿನವೇ ಮುಳುಗಿ, 1961ರಲ್ಲಿ ಮೇಲೆತ್ತಿದ ವಾಸಾ ಎಂಬ ಹಡಗನ್ನೂ ನೋಡಿದೆ. ಮೊದಲ ಯಾನದಲ್ಲೇ ಮುಳುಗಿದ ಹಡಗನ್ನು ಮರೆಮಾಚದೆ ಮ್ಯೂಸಿಯಂ ಕಟ್ಟಿ ಟಿಕೆಟ್ ಇಟ್ಟಿದ್ದಾರಲ್ಲ, ಭೇಷ್ ಎನ್ನಿಸಿತು.

ಆದರೆ ಅಚ್ಚಿನವನ ಕಣ್ಣು ಬೀಳುವುದು ಅಕ್ಷರದ ಮೇಲೆ. ರೈಲ್ವೆ ಫಲಕ, ಅಂಗಡಿ ಬಾಗಿಲು, ಹಾಲಿನ ಪೊಟ್ಟಣ, ಮಾತ್ರೆಯ ಜೊತೆಗಿನ ಚೀಟಿ, ಎಲ್ಲಾ ಕಡೆ ಮೊದಲು ಸ್ವೀಡಿಷ್. ಇಂಗ್ಲಿಷ್ ಬೇಕಾದವನಿಗೆ ಟಿಕೆಟ್ ಯಂತ್ರದಲ್ಲಿ ಒಂದು ಗುಂಡಿಯಿದೆ, ಒತ್ತಿಕೊಳ್ಳಬೇಕು. ಅವರ ಅಕ್ಷರಮಾಲೆಯ ಕೊನೆಯಲ್ಲಿ ಮೂರು ಅಕ್ಷರ ಹೆಚ್ಚಿಗೆ ಇವೆ, ಒಂದರ ನೆತ್ತಿಗೆ ಸೊನ್ನೆ, ಎರಡರ ನೆತ್ತಿಗೆ ಎರಡೆರಡು ಚುಕ್ಕೆ. ಆ ಸೊನ್ನೆಯನ್ನು ಒಂದು ಬೋರ್ಡಿನಲ್ಲೂ ಬಿಟ್ಟಿದ್ದು ನಾನು ಕಾಣಲಿಲ್ಲ. ನಮ್ಮಲ್ಲಿ ಒತ್ತಕ್ಷರ ತಪ್ಪಿದ ಬೋರ್ಡು ಹತ್ತು ವರ್ಷ ಹಾಗೇ ತೂಗುತ್ತದೆ!

ಅವರೇನು ಇಂಗ್ಲಿಷ್ ಬಾರದ ಜನವೇ? ಬಸ್ ಡ್ರೈವರಿಂದ ಹಿಡಿದು ತರಕಾರಿ ಮಾರುವವರವರೆಗೆ ನೀರು ಕುಡಿದಷ್ಟು ಸುಲಭವಾಗಿ ಇಂಗ್ಲಿಷ್ ಮಾತಾಡುತ್ತಾರೆ. ದೇಶದ ಒಟ್ಟು ಜನಸಂಖ್ಯೆ ಒಂದು ಕೋಟಿ ಚಿಲ್ಲರೆ, ನಮ್ಮ ಬೆಂಗಳೂರಿಗಿಂತ ಕಡಿಮೆ. ಕನ್ನಡ ತಾಯಿನುಡಿಯವರು 2011ರ ಜನಗಣತಿಯಲ್ಲೇ 4 ಕೋಟಿ 37 ಲಕ್ಷ. ಆ ಒಂದು ಕೋಟಿ ಜನ ವೋಲ್ವೋ ಮಾಡಿದರು. ನಮ್ಮ ಪೀಣ್ಯದ ಎಬಿಬಿ ಇದೆಯಲ್ಲ, 1988ರಲ್ಲಿ ಸ್ವೀಡನ್ನಿನ ಅಸಿಯಾ ಮತ್ತು ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೆರಿ ಸೇರಿ ಆದ ಕಂಪನಿ ಅದು. ಮನೆಮಾತಿನ ಶಾಲೆಯಲ್ಲಿ ಓದಿದರೆ ಮಿಷನ್ ಮಾಡಲು ಬರುವುದಿಲ್ಲ ಎನ್ನುವವರು ಎಬಿಬಿ ಗೇಟಿನ ಮುಂದೆ ಒಂದು ಗಳಿಗೆ ನಿಂತು ಯೋಚಿಸಲಿ.

ಅಲ್ಲೂ ಎಲ್ಲವೂ ಸುಖವಾಗಿಲ್ಲ. ದೊಡ್ಡ ಓದಿನಲ್ಲಿ, ಕಂಪನಿಗಳಲ್ಲಿ ಇಂಗ್ಲಿಷ್ ನುಗ್ಗಿದೆ. ಆ ಆತಂಕವೂ ಸೇರಿ 2009ರಲ್ಲಿ ಭಾಷಾ ಕಾಯ್ದೆ ತಂದು, ಸ್ವೀಡಿಷ್ ಈ ನಾಡಿನ ಪ್ರಧಾನ ಭಾಷೆ ಎಂದು ಬರೆದುಕೊಂಡರು. ಜೊತೆಗೆ ಸಾಮಿ, ಫಿನ್ನಿಷ್ ಮುಂತಾದ ಐದು ಅಲ್ಪಸಂಖ್ಯಾತ ಭಾಷೆಗಳನ್ನೂ ಕಾಪಾಡುವ ಹೊಣೆ ಹೊತ್ತರು. ಹೊರಗಿನಿಂದ ಬಂದು ನೆಲೆಸಿದವರಿಗೆ ಸರ್ಕಾರದ ಖರ್ಚಿನಲ್ಲೇ ಸ್ವೀಡಿಷ್ ಪಾಠ. ಬೆಂಗಳೂರಿಗೆ ಬಂದವರು ಇಪ್ಪತ್ತು ವರ್ಷವಾದರೂ ಕನ್ನಡ ಕಲಿಯಲಿಲ್ಲವೆಂದು ನಾವು ಬೈಯುತ್ತೇವೆ. ಬೈಯಬೇಕಾದದ್ದೇ! ಆದರೆ ವಾರ್ಡಿಗೊಂದು ಪುಕ್ಕಟೆ ಕನ್ನಡ ತರಗತಿ ತೆರೆಯಿರಿ ಎಂದು ಅಷ್ಟೇ ಗಟ್ಟಿಯಾಗಿ ನಮ್ಮ ಸರ್ಕಾರವನ್ನು ಕೇಳಿದ್ದೇವೆಯೇ?

ಇನ್ನು ನನಗೆ ನಿದ್ದೆಗೆಡಿಸಿದ ವಿಷಯ.

ಅಕ್ಕನ ಮಗನಿಗೆ ಏಳು ವರ್ಷದ ಮಗಳಿದ್ದಾಳೆ. ಡಿಸೆಂಬರ್ 13ಕ್ಕೆ ಅಲ್ಲಿ ಲೂಸಿಯಾ ಹಬ್ಬ. ಮಕ್ಕಳು ಬಿಳಿ ಅಂಗಿ ತೊಟ್ಟು, ದೀಪ ಹಿಡಿದು ಹಾಡುತ್ತಾರೆ. ನಮ್ಮ ಹುಡುಗಿ ಸ್ವೀಡಿಷ್ ಹಾಡನ್ನು ಅಲ್ಲಿಯವರ ಮಗುವಿನಂತೆಯೇ ಹಾಡಿದಳು. ಕೇಳಿ ಕಣ್ಣು ತುಂಬಿತು. ರಾತ್ರಿ ರಾಜಗೋಪಾಲನಗರದಿಂದ ಅಕ್ಕ ವಿಡಿಯೋ ಫೋನ್ ಮಾಡಿದಳು. "ಏನು ಊಟ ಮಾಡ್ದೆ ಪುಟ್ಟಾ?" ಎಂದು ಕೇಳಿದರೆ ಮಗು ಅಪ್ಪನ ಮುಖ ನೋಡಿತು. ಅಪ್ಪ ಇಂಗ್ಲಿಷಿಗೆ ತಿರುಗಿಸಿ ಹೇಳಿದ. ಮಗು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸಿದ. ಅಜ್ಜಿಗೂ ಮೊಮ್ಮಗಳಿಗೂ ನಡುವೆ ದುಭಾಷಿ!

ಆ ಊರಿನ ಕಾನೂನು ಹೇಗಿದೆ ಗೊತ್ತೇ? ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೆ ಆ ಭಾಷೆಯನ್ನು ನಗರಸಭೆಯೇ ಕಲಿಸಬೇಕು. 1977ರಿಂದ ನಡೆದುಬಂದ ಪದ್ಧತಿ. ಆ ನಗರಸಭೆಯ ವ್ಯಾಪ್ತಿಯಲ್ಲಿ ಕನಿಷ್ಠ ಐದು ಮಕ್ಕಳಿರಬೇಕು, ಕಲಿಸಲು ತಕ್ಕ ಮೇಷ್ಟ್ರು ಸಿಗಬೇಕು. ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಆ ಭಾಷೆಯನ್ನು ಮನೆಯಲ್ಲಿ ಮಗುವಿನೊಡನೆ ದಿನವೂ ಆಡುತ್ತಿರಬೇಕು, ಮಗುವಿಗೂ ಅಲ್ಪಸ್ವಲ್ಪ ಬರುತ್ತಿರಬೇಕು. ಅಷ್ಟೇ. ಅರಬ್ಬಿಯವರು, ಸೋಮಾಲಿಯವರು ಇದನ್ನು ಹಕ್ಕಿನಿಂದ ಪಡೆಯುತ್ತಿದ್ದಾರೆ. ಯುದ್ಧದಿಂದ ತಪ್ಪಿಸಿಕೊಂಡು ಬಂದವರು ಭಾಷೆಯನ್ನು ಕಟ್ಟಿಕೊಂಡು ಬಂದಿದ್ದಾರೆ!

ನಮ್ಮ ಹುಡುಗ ಶಾಲೆಯ ಫಾರಂನಲ್ಲಿ ಮಗುವಿನ ಮನೆಮಾತು ಏನೆಂದು ಬರೆದಿದ್ದ? ಇಂಗ್ಲಿಷ್.

"ಕನ್ನಡ ಅಂದ್ರೆ ಇವರಿಗೇನು ಗೊತ್ತಾಗುತ್ತೆ ಮಾಮ?" ಎಂದ.

"ನಿಮ್ಮಮ್ಮ ಟಿವಿಎಸ್ ಕ್ರಾಸಿನಲ್ಲಿ ಬಸ್ಸಿಳಿದು ಗಾರ್ಮೆಂಟ್ಸ್‌ನಲ್ಲಿ ಹೊಲಿದು ನಿನ್ನನ್ನು ಓದಿಸಿದಳಲ್ಲ, ಇಂಗ್ಲಿಷಿನಲ್ಲೇನೋ ಹೊಲಿದದ್ದು?" ಎಂದೆ. ಅವನು ಮಾತಾಡಲಿಲ್ಲ. ನಾನೂ ಅಷ್ಟು ಜೋರಾಗಿ ಹೇಳಬಾರದಿತ್ತೇನೋ. ಯಾಕೆಂದರೆ ನನ್ನ ಮಗಳೂ ಇಂಗ್ಲಿಷ್ ಮೀಡಿಯಂ. 2014ರಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಶಾಲೆಗೂ ಮಾತೃಭಾಷಾ ಮಾಧ್ಯಮ ಹೇರುವಂತಿಲ್ಲ ಎಂದಾಗ ಪೆಂಡಾಲಿನಲ್ಲಿ ಕೂತು ಘೋಷಣೆ ಕೂಗಿದವನು ನಾನು. ಮರುವರ್ಷವೇ ಮಗಳನ್ನು ಸೇರಿಸಿದ್ದು ಎಲ್ಲಿಗೆ? ಹೆಂಡತಿ ಇವತ್ತಿಗೂ ಇದನ್ನು ಆಡಿ ತೋರಿಸುತ್ತಾಳೆ.

ಪ್ರೆಸ್ಸಿನ ಕಥೆಯೂ ಅದೇ. ಸೋದರಮಾವನ ಪ್ರೆಸ್ಸಿನಲ್ಲಿ ನಾನು ಮೊಳೆ ಜೋಡಿಸುವುದನ್ನು ಕಲಿತ ಕಾಲಕ್ಕೆ ಲಗ್ನಪತ್ರಿಕೆಯೆಂದರೆ ಕನ್ನಡವೇ. ಈಗ ಹತ್ತಕ್ಕೆ ಏಳು ಇಂಗ್ಲಿಷ್. ಹೆಗ್ಗನಹಳ್ಳಿ, ಲಗ್ಗೆರೆಯಿಂದ ಬರುವ ಗಿರಾಕಿಗಳೂ ಅಷ್ಟೆ. ಕನ್ನಡದಲ್ಲಿ ಉಳಿದಿರುವುದು ಗಣೇಶನ ಚಂದಾ ರಸೀತಿ ಮತ್ತು ತಿಥಿಯ ಕಾರ್ಡು! 2017ರಲ್ಲಿ ನಮ್ಮ ಮೆಟ್ರೋದ ಹಿಂದಿ ಫಲಕದ ವಿರುದ್ಧ ಹೋರಾಡಿ ಗೆದ್ದೆವು. ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಬೇಕೆಂದು 2023ರ ಡಿಸೆಂಬರಿನಲ್ಲಿ ನಮ್ಮ ಹುಡುಗರು ಬೀದಿಗಿಳಿದು ಜೈಲು ಕಂಡರು. ಸರಿ. ಆದರೆ ಫಾರಂನಲ್ಲಿ ನಾವೇ ಬರೆಯುವ ಆ ಒಂದು ಪದಕ್ಕೆ ಯಾವ ಹಿಂದಿಯವನು ಬಂದು ಕೈ ಹಿಡಿಯುತ್ತಾನೆ?

ಕಳೆದ ವಾರ ಹುಡುಗನ ಫೋನ್ ಬಂತು. ಫಾರಂ ತಿದ್ದಿಸಿದ್ದಾನಂತೆ. ಮನೆಯಲ್ಲಿ ಊಟದ ಹೊತ್ತು ಕನ್ನಡವೇ ಎಂದು ಗಂಡ ಹೆಂಡತಿ ತೀರ್ಮಾನಿಸಿದ್ದಾರಂತೆ. ಪರಿಚಯದ ಮನೆಗಳಲ್ಲಿ ಕೇಳಿ, ತನ್ನ ಮಗಳೂ ಸೇರಿ ಮೂರು ಮಕ್ಕಳ ಹೆಸರು ಸೇರಿಸಿದ್ದಾನೆ. ಕಲಿಸಲು ಶಿವಮೊಗ್ಗ ಕಡೆಯ ಒಬ್ಬ ಹೆಣ್ಣುಮಗಳು ಅರ್ಜಿ ಹಾಕಲು ಒಪ್ಪಿದ್ದಾರೆ. ಇನ್ನೂ ಎರಡು ಮಕ್ಕಳು ಬೇಕು. ನಿಮ್ಮ ಅಣ್ಣನೋ ಅಕ್ಕನೋ ಗೆಳೆಯನೋ ಸ್ಟಾಕ್‌ಹೋಮ್ ನಗರಸಭೆಯ ವ್ಯಾಪ್ತಿಯಲ್ಲಿದ್ದರೆ ಇವತ್ತು ರಾತ್ರಿಯೇ ಫೋನ್ ಮಾಡಿ, ಮಗುವಿನ ಫಾರಂನಲ್ಲಿ ಏನು ಬರೆದಿದ್ದೀರಿ ಎಂದು ಕೇಳಿ. ಅಲ್ಲಿ ಗಡಿಯಾರ ನಮಗಿಂತ ಕೆಲವು ಗಂಟೆ ಹಿಂದೆ, ಇನ್ನೂ ಎಚ್ಚರವಾಗಿಯೇ ಇರುತ್ತಾರೆ.