ಹರಾಜಿನಲ್ಲಿ ನಾಯಕ ಸಿಗುವುದಿಲ್ಲ

22 ಪಂದ್ಯ ಆಡಿ 19 ಸೋತು, ಒಂದನ್ನು ಸಮ ಮಾಡಿಕೊಂಡು, ಗೆದ್ದದ್ದು ಎರಡೇ ಎರಡು. 2024ರ ಪ್ರೊ ಕಬಡ್ಡಿ ಲೀಗಿನಲ್ಲಿ, ಅಂದರೆ 11ನೇ ಆವೃತ್ತಿಯಲ್ಲಿ, ಬೆಂಗಳೂರು ಬುಲ್ಸ್ 12 ತಂಡಗಳ ಪಟ್ಟಿಯ ತಳಕ್ಕೆ ಹೋಗಿ ಬಿತ್ತು. ಅದಕ್ಕೆ ಸುಮಾರು ಆರು ವರ್ಷ ಮೊದಲು ಕಪ್ ಎತ್ತಿದ್ದ ತಂಡ ಇದೇ. ಮರುವರ್ಷ ಚೇತರಿಸಿಕೊಂಡು ಪ್ಲೇಆಫ್ ತನಕ ಬಂತು, ಸರಿ. ಹಾಗೆಂದು 2024ರಲ್ಲಿ ಆದದ್ದನ್ನು ಗ್ರಹಚಾರ ಎಂದು ಕೈತೊಳೆದುಕೊಳ್ಳಲು ಬರುವುದಿಲ್ಲ. ಹುಕ್ಕೇರಿ ತಾಲ್ಲೂಕಿನ ದಡ್ಡಿಯಂಥ ಊರುಗಳಲ್ಲಿ ತೊಡೆ ತಟ್ಟಿ ಅಂಕಣಕ್ಕಿಳಿಯುವ ಹುಡುಗರು ಮೊಬೈಲಿನಲ್ಲಿ ಕಣ್ಣು ನೆಟ್ಟು ನೋಡುವುದು ಈ ತಂಡವನ್ನು. ಅದು ತಪ್ಪು ಪಾಠ ಹೇಳಿಕೊಟ್ಟರೆ ಆ ತಪ್ಪು ಜಾತ್ರೆಯ ಅಂಕಣದವರೆಗೂ ಇಳಿದು ಬರುತ್ತದೆ. ಈಗಾಗಲೇ ಬಂದಿದೆ.

ಆ ವರ್ಷದ ಆಗಸ್ಟಿನಲ್ಲಿ ಮುಂಬೈಯಲ್ಲಿ ಹರಾಜು ನಡೆಯಿತು. ಒಂದು ತಂಡ ಒಟ್ಟು ಖರ್ಚು ಮಾಡಬಹುದಾದದ್ದು 5 ಕೋಟಿ ರೂಪಾಯಿ. ಅದರಲ್ಲಿ ಅಜಿಂಕ್ಯ ಪವಾರ್ ಒಬ್ಬರಿಗೇ 1.10 ಕೋಟಿಗೂ ಹೆಚ್ಚು ಹೋಯಿತು. ಪ್ರದೀಪ್ ನರ್ವಾಲ್ ಅವರಿಗೆ 70 ಲಕ್ಷ. ಇಬ್ಬರೂ ರೇಡರ್‌ಗಳು. ಇದ್ದ ಹಣದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಎರಡು ಹೆಸರಿಗೆ ಮುಗಿಯಿತು. ಹಿಂದಿನ ಆವೃತ್ತಿಗಳಲ್ಲಿ ತಂಡವನ್ನು ಹೊತ್ತಿದ್ದ ಭರತ್ ಹೂಡಾ ಅವರನ್ನು ಬಿಟ್ಟುಕೊಟ್ಟಾಗಿತ್ತು. ನಾಯಕನ ಪಟ್ಟ ಪ್ರದೀಪ್ ಅವರಿಗೆ ಬಂತು.

ಪ್ರದೀಪ್ ಅವರ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಪ್ರೊ ಕಬಡ್ಡಿಯಲ್ಲಿ 1,800ಕ್ಕೂ ಹೆಚ್ಚು ರೇಡ್ ಅಂಕ ಗಳಿಸಿದ ಆಟಗಾರ ಅವರು. ಸುತ್ತಲೂ ಹಿಡಿದವರ ಕೈ ಕೆಳಗಿಂದ ತಲೆ ಬಗ್ಗಿಸಿ ನುಸುಳಿಬರುವ ಆ ಡುಬ್ಕಿಯನ್ನು ನಮ್ಮೂರ ಚಿಕ್ಕ ಹುಡುಗರೂ ಮಾಡಿ ತೋರಿಸುತ್ತಾರೆ. ಬುಲ್ಸ್ ಅವರನ್ನು ಕರೆತಂದದ್ದು ಆ ಹಳೆಯ ನೆನಪಿನ ಮೇಲೆ. ಅವರ ಕಾಲಿನ ವೇಗ ಅಷ್ಟರಲ್ಲಿ ಕಡಿಮೆಯಾಗಿತ್ತು. ಮರುವರ್ಷದ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ, ಅವರು ನಿವೃತ್ತಿ ಹೇಳಿದರು. ಅಂಥ ದೊಡ್ಡ ಆಟಗಾರನಿಗೆ ಹೀಗೆ ಆಗಬಾರದಿತ್ತು. ಅವರ ಹೆಗಲ ಮೇಲೆ ಹೊರಲಾಗದ ಭಾರ ಹೇರಿದವರು ಅದಕ್ಕೆ ಉತ್ತರ ಹೇಳಬೇಕು.

ಕಬಡ್ಡಿಯನ್ನು ರೇಡರ್ ಆಟ ಎಂದು ತಿಳಿದವರು ಅಂಕಪಟ್ಟಿ ನೋಡುತ್ತಾರೆ. ಆಟ ಬಲ್ಲವರು ಕಾರ್ನರ್ ನೋಡುತ್ತಾರೆ. ಎದುರಾಳಿ ಒಳಗೆ ಬಂದಾಗ ಎಡ ಕಾರ್ನರಿನ ಹುಡುಗ ಕಣಕಾಲಿಗೆ ಕೈ ಹಾಕುತ್ತಾನೆ. ಅವನೊಬ್ಬನ ಕೈಯಲ್ಲಿ ರೇಡರ್ ನಿಲ್ಲುವುದಿಲ್ಲ. ಅವನು ಕೈ ಹಾಕಿದ ಅದೇ ಕ್ಷಣಕ್ಕೆ ಪಕ್ಕದ ಕವರ್ ಸೊಂಟಕ್ಕೆ ಬೀಳಬೇಕು, ಅವನ ಹಿಂದೆ ಇನ್ನೊಬ್ಬ ಮಧ್ಯಗೆರೆಯ ದಾರಿಗೆ ಅಡ್ಡ ನಿಲ್ಲಬೇಕು. ಕವರ್ ಅರೆಕ್ಷಣ ಅನುಮಾನಿಸಿದರೆ ರೇಡರ್ ಮುಟ್ಟಿದವರನ್ನೆಲ್ಲ ಎಳೆದುಕೊಂಡು ಗೆರೆಗೆ ಬೆರಳು ತಾಗಿಸಿಬಿಡುತ್ತಾನೆ. ಇದ್ದವರು ಮೂವರು ನಾಲ್ವರಾಗಿದ್ದರೆ ಆಲೌಟ್ ಆಗುತ್ತದೆ, ಅದರ ಎರಡು ಹೆಚ್ಚುವರಿ ಅಂಕವೂ ಅತ್ತ ಹೋಗುತ್ತದೆ. ಈ ಸರಪಳಿ ಹೆಣೆಯುವುದಕ್ಕೆ ವರ್ಷಗಟ್ಟಲೆ ಒಟ್ಟಿಗೆ ಬೆವರು ಹರಿಸಬೇಕು, ಒಬ್ಬರ ಉಸಿರು ಒಬ್ಬರಿಗೆ ಗೊತ್ತಿರಬೇಕು. ಹರಾಜಿನ ಹಲಗೆ ಎತ್ತಿದರೆ ಇದು ಸಿಗುವುದಿಲ್ಲ. ಆ ಸಾಲಿನಲ್ಲಿ ನಿಂತು "ತಡಿ, ಈಗ ಬೇಡ" ಎಂದು ಪಕ್ಕದವನ ಕೈ ಅದುಮುವವನೇ ನಾಯಕ. 2024ರ ಬುಲ್ಸ್ ತಂಡದಲ್ಲಿ ಅಂಥ ಕೈ ಕಾಣಲಿಲ್ಲ. ಬೋನಸ್ ಕೊಟ್ಟು ಕಳಿಸಬಹುದಾದ ರೇಡರ್ ಮೇಲೆ ಆತುರಬಿದ್ದು ಎರಗುವುದು, ಅಂಕ ಕಳೆದುಕೊಂಡ ಮೇಲೆ ಒಬ್ಬರ ಮುಖ ಒಬ್ಬರು ನೋಡುವುದು ಇವೇ ಮತ್ತೆ ಮತ್ತೆ ಕಂಡವು.

ಇದೇ ತಂಡ ಇದನ್ನು ಸರಿಯಾಗಿ ಮಾಡಿದ ಕಾಲವೂ ಇತ್ತು. 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಬುಲ್ಸ್ ಕಪ್ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಆ ಆವೃತ್ತಿಯಲ್ಲಿ ಅವರು ಗಳಿಸಿದ್ದು 271 ರೇಡ್ ಅಂಕ. ಆದರೆ ನಾಯಕ ಅವರಲ್ಲ, ರೋಹಿತ್ ಕುಮಾರ್. ರೋಹಿತ್ ತಾವೂ ಹೆಸರಾಂತ ರೇಡರ್. ತನ್ನ ಅಂಕ ತನ್ನ ಅಂಕ ಎನ್ನದೆ ದಾಳಿಯ ಸರದಿಯನ್ನು ಪವನ್ ಅವರಿಗೆ ಬಿಟ್ಟುಕೊಟ್ಟರು, ಹಿಂದೆ ನಿಂತು ತಂಡ ನಡೆಸಿದರು. ದೊಡ್ಡ ಆಟಗಾರ ಬೇರೆ, ನಾಯಕ ಬೇರೆ ಎಂಬುದು ಬುಲ್ಸ್ ಕಚೇರಿಯಲ್ಲಿ ಕೂತವರಿಗೆ ಯಾರೂ ಹೊರಗಿನಿಂದ ಹೇಳಿಕೊಡಬೇಕಾಗಿರಲಿಲ್ಲ. ಅವರ ಕಪಾಟಿನಲ್ಲಿರುವ ಒಂದೇ ಕಪ್ ಅದನ್ನು ಹೇಳುತ್ತದೆ.

ಕೋಚ್ ವಿಷಯದಲ್ಲಿ ಆದದ್ದು ಇನ್ನೂ ಬೇಸರ ತರುತ್ತದೆ. ರಣಧೀರ್ ಸಿಂಗ್ ಮೊದಲ ಆವೃತ್ತಿಯಿಂದ 11ನೆಯದರವರೆಗೂ ಬುಲ್ಸ್ ಜೊತೆಗಿದ್ದರು, ಕಪ್ ಗೆಲ್ಲಿಸಿದ ಗೌರವ ಅವರಿಗೆ ಸಲ್ಲಬೇಕು. ಆ ಗೆಲುವಿನಲ್ಲಿ ಅವರ ಪಕ್ಕದಲ್ಲಿ ದುಡಿದವರು ನಮ್ಮವರೇ ಆದ ಬಿ.ಸಿ. ರಮೇಶ್, ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಅವರು ಮರುವರ್ಷವೇ ಬೆಂಗಾಲ್ ವಾರಿಯರ್ಸ್‌ಗೆ ಹೋಗಿ 2019ರ ಅಕ್ಟೋಬರಿನಲ್ಲಿ ಆ ತಂಡಕ್ಕೆ ಕಪ್ ಗೆಲ್ಲಿಸಿದರು. 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್‌ಗೆ ಗೆಲ್ಲಿಸಿದರು. ಆ ಪುಣೆ ತಂಡದಲ್ಲಿ ನಾಯಕ ಅಸ್ಲಂ ಇನಾಮದಾರ್ ಸೇರಿ ಹೆಚ್ಚಿನವರು ಎಳೆಯರೇ, ಒಟ್ಟಿಗೆ ಬೆಳೆಸಿದ ಹುಡುಗರು. ಕನ್ನಡದ ಕೋಚ್ ಹೊರಗೆ ಹೋಗಿ ಕಪ್ ಮೇಲೆ ಕಪ್ ಗೆಲ್ಲಿಸುತ್ತಿದ್ದಾಗ ಬೆಂಗಳೂರಿನ ಹೆಸರು ಹೊತ್ತ ತಂಡ ಅವರ ಕಡೆ ನೋಡಲಿಲ್ಲ. ತಳ ಮುಟ್ಟಿದ ಮೇಲೆ ಅವರನ್ನು ಕರೆಯಿತು. ಅವರು ಬಂದರು, ಮೊದಲ ಪಂದ್ಯಗಳಲ್ಲೇ ಸೋತರೂ ತಂಡ ಕಟ್ಟಿದರು, ಇರಾನಿನ ಅಲಿರೆಜಾ ಮಿರ್ಜಾಯನ್ ಅವರಂಥ ಹೊಸಬರನ್ನು ಮುಂದೆ ಬಿಟ್ಟರು, ಪ್ಲೇಆಫ್ ತಲುಪಿಸಿದರು. ಒಂದೇ ವರ್ಷದಲ್ಲಿ ಇಷ್ಟು ಸಾಧ್ಯವಾಯಿತು ಎಂದರೆ ಹಿಂದಿನ ವರ್ಷದ ಸೋಲಿಗೆ ಹಣದ ಕೊರತೆಯಾಗಲಿ ದುರಾದೃಷ್ಟವಾಗಲಿ ಕಾರಣವಾಗಿರಲಿಲ್ಲ. ಆಯ್ಕೆ ಕೆಟ್ಟಿತ್ತು.

ಇನ್ನು ಕನ್ನಡದ ಹುಡುಗರ ಮಾತು. ಮಂಜೀತ್ ಛಿಲ್ಲರ್, ರೋಹಿತ್ ಕುಮಾರ್, ಪವನ್ ಸೆಹ್ರಾವತ್, ಸೌರಭ್ ನಂದಾಲ್, ಪ್ರದೀಪ್ ನರ್ವಾಲ್: ಬುಲ್ಸ್ ನಾಯಕತ್ವ ಹೋದದ್ದು ಹರಿಯಾಣ, ದೆಹಲಿಯ ದಿಕ್ಕಿಗೆ. ಇತ್ತ ಕರಾವಳಿಯ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ ನಾಯಕರಾದರು, ಆ ತಂಡ ಫೈನಲ್ ಆಡಿತು. ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಪಟ್ನಾ ಪೈರೇಟ್ಸ್ ನಾಯಕರಾಗಿ 2022ರ ಫೆಬ್ರವರಿಯಲ್ಲಿ ಫೈನಲ್ ತನಕ ಕರೆದೊಯ್ದರು, ದೆಹಲಿ ಎದುರು 36-37ರಲ್ಲಿ, ಒಂದೇ ಒಂದು ಅಂಕದಲ್ಲಿ ಕಪ್ ತಪ್ಪಿತು. ಗುಜರಾತಿಗೂ ಬಿಹಾರಕ್ಕೂ ಕಂಡ ನಾಯಕತ್ವ ಬೆಂಗಳೂರಿಗೆ ಕಾಣಲಿಲ್ಲ.

"ಹರಿಯಾಣದಲ್ಲಿ ಹಳ್ಳಿಗೊಂದು ಅಖಾಡ ಇದೆ, ಆಟಗಾರರು ಅಲ್ಲಿಂದಲೇ ಬರಬೇಕು, ಗೆಲ್ಲುವ ತಂಡಕ್ಕೆ ಊರು ಕೇರಿ ಯಾಕೆ?" ಎಂದು ಕೇಳುವವರಿದ್ದಾರೆ. ಮಾತಿನ ಮೊದಲರ್ಧ ನಿಜ. ಹರಿಯಾಣದ ಹುಡುಗನನ್ನು ತೆಗೆದು ಕನ್ನಡದವನನ್ನು ಕೂರಿಸಿ ಎಂದು ನಾನು ಕೇಳುತ್ತಿಲ್ಲ. ನಮ್ಮ ಹುಡುಗನನ್ನು ಒಮ್ಮೆ ಆಡಿಸಿ ನೋಡಿ ಎನ್ನುತ್ತಿದ್ದೇನೆ. ಲೀಗಿನಲ್ಲಿ ನ್ಯೂ ಯಂಗ್ ಪ್ಲೇಯರ್ಸ್ ಎಂಬ ವ್ಯವಸ್ಥೆಯೇ ಇದೆ. ಹರಾಜಿಗೆ ಹೋಗದೆ ಎಳೆಯರನ್ನು ಆರಿಸಿ ತಂಡ ತಾನೇ ಬೆಳೆಸಿಕೊಳ್ಳಬಹುದು. ಗಣೇಶ ಹನಮಂತಗೋಳ ಅವರಂಥ ಕರ್ನಾಟಕದ ರೇಡರ್ ಬುಲ್ಸ್ ಅಂಗಿ ತೊಟ್ಟು ಇಳಿದಾಗ ನಮ್ಮ ಕಡೆಯ ಹುಡುಗರ ಕಣ್ಣಲ್ಲಿ ಎಂಥ ಬೆಳಕು ಬಂತು ಎಂಬುದನ್ನು ನೋಡಿದವರಿಗೆ ಈ ಮಾತಿನ ಬೆಲೆ ಗೊತ್ತು.

ಆಯ್ಕೆ ಮುಚ್ಚಿದ ಬಾಗಿಲ ಹಿಂದೆ ನಡೆದರೆ ಏನಾಗುತ್ತದೆ ಎಂಬುದನ್ನು ದೇಶ 2018ರಲ್ಲಿ ಕಂಡಿದೆ. ಜಕಾರ್ತ ಏಷ್ಯನ್ ಗೇಮ್ಸ್ ತಂಡದ ಆಯ್ಕೆಯಲ್ಲಿ ಅಕ್ರಮ ನಡೆದಿದೆ ಎಂದು ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿದ ಹಿರಿಯ ಆಟಗಾರರಲ್ಲಿ ನಮ್ಮ ಹೊನ್ನಪ್ಪ ಗೌಡರೂ ಒಬ್ಬರು. ಆ ಕೂಟದಲ್ಲಿ ಪುರುಷರ ತಂಡ ಇರಾನ್ ಎದುರು ಸೆಮಿಫೈನಲ್‌ನಲ್ಲೇ 18-27ರಿಂದ ಸೋತಿತು. 1990ರಿಂದ ಬಿಡದೆ ಬಂದ ಚಿನ್ನ ತಪ್ಪಿತು. ಸೆಪ್ಟೆಂಬರ್ 15ರಂದು ಆ ತಂಡವೂ ಆಯ್ಕೆಯಾಗದೆ ಉಳಿದವರೂ ಎದುರುಬದುರಾಗಿ ಆಡಲಿ ಎಂದು ನ್ಯಾಯಾಲಯ ಹೇಳಿತು. ಏಷ್ಯನ್ ಗೇಮ್ಸ್ ಆಡಿದ ತಂಡ ಅಂಕಣಕ್ಕೆ ಬರಲೇ ಇಲ್ಲ. ಯೋಗ್ಯತೆಯಿಂದ ಆಯ್ಕೆಯಾದವರಿಗೆ ಏಳು ಜನರ ಎದುರು ಏಳು ಜನ ನಿಲ್ಲುವುದಕ್ಕೆ ಭಯವೇಕೆ? ಆ ಪ್ರಶ್ನೆಗೆ ಉತ್ತರ ಇವತ್ತಿಗೂ ಬಂದಿಲ್ಲ.

ಶಿಸ್ತಿನ ಕತೆಯೂ ಇದಕ್ಕೇ ಸೇರಿದ್ದು. 2025ರ ಸೆಪ್ಟೆಂಬರಿನಲ್ಲಿ ತಮಿಳ್ ತಲೈವಾಸ್ ತಂಡ ತನ್ನ ನಾಯಕ ಪವನ್ ಸೆಹ್ರಾವತ್ ಅವರನ್ನೇ ಶಿಸ್ತಿನ ಕಾರಣ ಹೇಳಿ ಆವೃತ್ತಿಯ ನಡುವೆ ಮನೆಗೆ ಕಳಿಸಿತು. ಇಂಥ ತಪ್ಪು ಎಂದು ಪ್ರಕಟಣೆಯಲ್ಲಿ ಹೇಳಲಿಲ್ಲ. ಆರೋಪ ಸಾಬೀತಾದರೆ ಕಬಡ್ಡಿ ಬಿಡುತ್ತೇನೆ ಎಂದರು ಪವನ್. ಅಭಿಮಾನಿಗೆ ಉಳಿದದ್ದು ಗಾಳಿಮಾತು. ತಪ್ಪು ಮಾಡಿದ್ದರೆ ಎಂಥ ದೊಡ್ಡವರಿಗೂ ಶಿಕ್ಷೆಯಾಗಲಿ, ಅದನ್ನು ಒಪ್ಪುತ್ತೇನೆ. ಆದರೆ ಏನು ತಪ್ಪು ಎಂದು ಹೇಳದ ಶಿಕ್ಷೆಯಿಂದ ಉಳಿದ ಆಟಗಾರರು ಕಲಿಯುವುದು ಅಂಜಿಕೆಯನ್ನು, ಶಿಸ್ತನ್ನು ಕಲಿಯುವುದಿಲ್ಲ. ಅಂಕಣದಲ್ಲಿ ಹಾಗಿಲ್ಲ ನೋಡಿ. ಗ್ರೀನ್ ಕಾರ್ಡ್ ಎಂದರೆ ಎಚ್ಚರಿಕೆ, ಯೆಲ್ಲೋ ಕಾರ್ಡ್ ಎಂದರೆ ಎರಡು ನಿಮಿಷ ಹೊರಗೆ, ರೆಡ್ ಕಾರ್ಡ್ ಎಂದರೆ ಆ ಪಂದ್ಯ ಮುಗಿಯಿತು. ಎಲ್ಲರ ಕಣ್ಣೆದುರು ನಡೆಯುವುದರಿಂದ ಎಲ್ಲರೂ ಒಪ್ಪುತ್ತಾರೆ. ನಿಯಮ ಗೊಂದಲವಾದರೆ ಏನಾಗುತ್ತದೆ ಎಂಬುದಕ್ಕೆ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್ ಇದೆ. 28-28 ಇದ್ದಾಗ ಪವನ್ ಅವರ ಒಂದು ರೇಡಿನಲ್ಲಿ ಲಾಬಿಗೆ ಕಾಲಿಟ್ಟವರು ಯಾರು, ಔಟ್ ಯಾರು ಎಂಬ ಜಗಳಕ್ಕೆ ಆಟ ಹೆಚ್ಚುಕಡಿಮೆ ಒಂದು ತಾಸು ನಿಂತಿತು, ಆಟಗಾರರು ಮ್ಯಾಟಿನ ಮೇಲೆ ಕೂತುಬಿಟ್ಟರು. ಕೊನೆಗೆ ಭಾರತ 33-29ರಿಂದ ಗೆದ್ದಿತು.

ಇಷ್ಟು ದೂರದ ಸಂಗತಿಗಳನ್ನು ಹೇಳಿದ್ದು ನಮ್ಮ ಮನೆಯಂಗಳಕ್ಕೆ ಬರುವುದಕ್ಕೆ. ಒಂದು ಕಡೆ ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯದ ಹಿನ್ನೀರು, ಇನ್ನೊಂದು ಕಡೆ ಮಹಾರಾಷ್ಟ್ರದ ಗಡಿ, ನಡುವೆ ದಡ್ಡಿ. ಚಂದಗಡ, ಗಡಹಿಂಗ್ಲಜ ಕಡೆಯ ಪಂದ್ಯಗಳಿಗೆ ಹೋಗಿ ಬರುವ ಹುಡುಗರು ಈ ಭಾಗದಲ್ಲಿದ್ದಾರೆ. ಹಗಲೆಲ್ಲ ಹೊಲದಲ್ಲಿ ದುಡಿದು, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಮೇಲೇ ರಾತ್ರಿ ಕಳೆದು, ಸಿಕ್ಕ ಸಂಜೆಯಲ್ಲಿ ಮಣ್ಣಿನ ಅಂಕಣಕ್ಕೆ ಇಳಿಯುತ್ತಾರೆ. ಮ್ಯಾಟ್ ಮೇಲೆ ಬೂಟು ಹಾಕಿ ಆಡುವುದು ಬೇರೆಯೇ ಅಭ್ಯಾಸ, ಅದು ಇವರಿಗೆ ಸಿಗುವುದೇ ಇಲ್ಲ. ಮಣ್ಣಿನಲ್ಲಿ ಹುಲಿಯಂತೆ ಆಡಿದ ಹುಡುಗ ಮ್ಯಾಟಿನ ಮೇಲೆ ಕಾಲು ಜಾರಿ ತಬ್ಬಿಬ್ಬಾಗುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಆದರೆ ನಮ್ಮ ಜಾತ್ರಾ ಕಮಿಟಿಗಳೂ ಬುಲ್ಸ್ ಮಾಡಿದ್ದನ್ನೇ ಮಾಡುತ್ತಿವೆ. ಹೊನಲು ಬೆಳಕಿನ ಪಂದ್ಯಕ್ಕೆ ಊರ ತಂಡ ಕಟ್ಟುವಾಗ ವರ್ಷವಿಡೀ ಆಡಿದ ಹುಡುಗರನ್ನು ಕೂರಿಸಿ, ಒಂದು ರಾತ್ರಿಯ ಕೂಲಿ ಮಾತಾಡಿ ಹೊರಗಿನ ರೇಡರ್‌ನನ್ನು ಕರೆಸುತ್ತಾರೆ. ನಾಯಕನ ಅಂಗಿ ಹಣ ಕೊಟ್ಟವರ ಮನೆಯ ಹುಡುಗನಿಗೆ. ತೀರ್ಪು ಒಪ್ಪಿಗೆಯಾಗದಿದ್ದರೆ ಪಂಚರ ಅಂಗಿ ಹಿಡಿಯುತ್ತಾರೆ, ಹಿರಿಯರು ಬಿಡಿಸುವ ಬದಲು ಕೂಗಿ ಹುರಿದುಂಬಿಸುತ್ತಾರೆ. ಅರ್ಧಕ್ಕೆ ನಿಂತ ಪಂದ್ಯದ ಬಹುಮಾನವನ್ನು ಎರಡೂ ಕಡೆ ಹಂಚಿ ಕೈತೊಳೆದುಕೊಳ್ಳುತ್ತಾರೆ. ಆ ರಾತ್ರಿ ಬೆಂಚಿನ ಮೇಲೆ ಕೂತ ಊರ ಹುಡುಗ ಮರುದಿನದಿಂದ ಅಂಕಣಕ್ಕೆ ಬರುವುದಿಲ್ಲ. ಹೀಗೆ ಕಳೆದುಕೊಂಡ ಆಟಗಾರರ ಲೆಕ್ಕವನ್ನು ಯಾವ ಸಂಸ್ಥೆಯೂ ಇಟ್ಟಿಲ್ಲ.

ಸರ್ಕಾರದ ಧೋರಣೆಯೂ ಇದಕ್ಕಿಂತ ಮೇಲಲ್ಲ. 2025ರಲ್ಲಿ ಖೋಖೋ ವಿಶ್ವಕಪ್ ಗೆದ್ದು ಬಂದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಅವರಿಗೆ ರಾಜ್ಯ ಘೋಷಿಸಿದ್ದು ತಲಾ 5 ಲಕ್ಷ. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳಲ್ಲಿ ಕೊಟ್ಟಿತ್ತು. ಇಬ್ಬರೂ ಆ ಹಣವನ್ನು ನಿರಾಕರಿಸಿದರು, ಸರಿಯಾಗಿಯೇ ಮಾಡಿದರು. ಗೆಲ್ಲುವವರು ಕಬಡ್ಡಿಯಲ್ಲೂ ನಮ್ಮಲ್ಲಿದ್ದಾರೆ. ಅದೇ ವರ್ಷದ ನವೆಂಬರಿನಲ್ಲಿ ಢಾಕಾದಲ್ಲಿ ಮಹಿಳಾ ಕಬಡ್ಡಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ನಮ್ಮ ಧನಲಕ್ಷ್ಮಿ ಪೂಜಾರಿ ಇದ್ದರು. ಕಬಡ್ಡಿಯಲ್ಲಿ ಈ ನಾಡಿಗೆ ಬೇರಿಲ್ಲ ಎನ್ನುವವರು ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಅವರ ಅರ್ಜುನ ಪ್ರಶಸ್ತಿಗಳನ್ನಾದರೂ ನೆನಪು ಮಾಡಿಕೊಳ್ಳಲಿ.

ಮತ್ತೆ ಬುಲ್ಸ್ ವಿಷಯಕ್ಕೆ ಬರೋಣ. 2024ರಲ್ಲಿ ಹೈದರಾಬಾದ್, ನೋಯ್ಡಾ, ಪುಣೆಯಲ್ಲಿ, 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಯಲ್ಲಿ ಪ್ರೊ ಕಬಡ್ಡಿ ನಡೆಯಿತು. ಎರಡೂ ವರ್ಷ ಬೆಂಗಳೂರಿನ ತಂಡ ಬೆಂಗಳೂರಿನಲ್ಲಿ ಒಂದೂ ಪಂದ್ಯ ಆಡಲಿಲ್ಲ. ಊರಿನಲ್ಲಿ ಆಡದ, ಊರಿನವರನ್ನು ಅಪರೂಪಕ್ಕೆ ಆಡಿಸುವ ತಂಡದ ಪಾಲಿಗೆ ನಾವು ಜಾಹೀರಾತು ನೋಡುವ ಜನ ಮಾತ್ರ ಆಗಿ ಉಳಿಯುತ್ತೇವೆ.

ಬುಲ್ಸ್ ಆಡಳಿತದವರಲ್ಲಿ, ರಾಜ್ಯ ಕಬಡ್ಡಿ ಸಂಸ್ಥೆಯವರಲ್ಲಿ ನನ್ನ ಕೇಳಿಕೆ ಇದು. ಮುಂದಿನ ಹರಾಜಿಗೆ ಮೊದಲು ಬೆಳಗಾವಿಯಲ್ಲಿ ಬಹಿರಂಗ ಆಯ್ಕೆ ನಡೆಸಿ, ಮ್ಯಾಟ್ ಹಾಸಿ, ಬಿ.ಸಿ. ರಮೇಶ್ ಅವರಂಥ ಕಣ್ಣುಳ್ಳವರು ಕೂತು ನೋಡಲಿ, ಯಾರನ್ನು ಯಾಕೆ ಆರಿಸಿದಿರಿ, ಯಾಕೆ ಬಿಟ್ಟಿರಿ ಎಂಬುದನ್ನು ಅಲ್ಲೇ ಎಲ್ಲರೆದುರು ಹೇಳಿ. ದಡ್ಡಿ, ಹುಕ್ಕೇರಿ, ಗೋಕಾಕ, ಮೂಡಲಗಿಯ ಕಮಿಟಿಗಳವರೇ, ಈ ಜಾತ್ರೆಯಲ್ಲಿ ಹೊರಗಿನ ರೇಡರ್‌ಗೆ ಎಣಿಸುವ ಹಣದಲ್ಲಿ ನಿಮ್ಮ ಹುಡುಗರಿಗೆ ಬೂಟು ಕೊಡಿಸಿ, ಆ ಆಯ್ಕೆಗೆ ಕಳಿಸಿಕೊಡಿ.