ಹೊಗೆ ಬಂದ್ರೆ ಪವರ್ ಬಂದಂಗಲ್ಲ!

ಸಂಕ್ರಾಂತಿಗೆ ಊರಿಗೆ (ಯಾದಗಿರಿ ಹತ್ರದ ಬಳಿಚಕ್ರ) ಹೋಗಿದ್ದೆ. ಮೈಲಾಪುರದ ಜಾತ್ರೆ ಮುಗಿಸಿ ಬಂದರೆ ಕಾಕಾನ ಮಗ ತನ್ನ ಹಳೇ ಏರ್‌ಗನ್ ಹಿಡ್ಕೊಂಡು ಅಂಗಳದಲ್ಲೇ ಕಾಯ್ತಿದ್ದ. "ಅಣ್ಣಾ, ಹೊಸಾ ಸ್ಪ್ರಿಂಗ್ ಹಾಕ್ಸೀನಿ. ಡಬಲ್ ಪವರ್ ಅದ ನೋಡು!" ಅಂತ ಡಬ್ಬಿಗೆ ಹೊಡೆದ. ಢಂ ಅಂತ ಸದ್ದು, ನಳಿಕೆಯಿಂದ ಹೊಗೆ. ಎಲ್ಲರೂ ಭೇಷ್ ಅಂದರು. ನನಗೆ ಮಾತ್ರ ಸಿಟ್ಟು ಬಂತು.

ಅಲ್ಲ ಸ್ವಾಮಿ, ಏರ್‌ಗನ್ನಿನಲ್ಲಿ ಮದ್ದೇ ಇಲ್ಲ, ಹೊಗೆ ಎಲ್ಲಿಂದ ಬಂತು? ಸ್ಪ್ರಿಂಗು ಪಿಸ್ಟನ್ ತಳ್ಳುತ್ತೆ, ಪಿಸ್ಟನ್ ಗಾಳಿಯನ್ನ ಅದುಮುತ್ತೆ, ಅದುಮಿದ ಗಾಳಿ ಕಾಯುತ್ತೆ. ಅಲ್ಲಿ ಎಣ್ಣೆ ಇದ್ದರೆ ಡೀಸೆಲ್ ಇಂಜಿನ್ನಿನ ಹಾಗೆ ಹೊತ್ತಿಕೊಳ್ಳುತ್ತೆ. ಹೊಸ ಸ್ಪ್ರಿಂಗಿಗೆ ಗ್ರೀಸು ಮೆತ್ತಿರುತ್ತಾರಲ್ಲ, ಅಂಗಡಿಯವನು ತೋರಿಸೋ ಮೊದಲ ಏಟುಗಳ ಜೋರು ಅದರದು!

ಅಳೆದೇ ನೋಡೋಣ ಅಂದೆ. ಗನ್ ಪಕ್ಕ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ 10 ಮೀಟರ್ ದೂರದ ತಗಡಿಗೆ ಹೊಡೆದೆವು. ಎರಡು ಸದ್ದುಗಳ ನಡುವಿನ ಅಂತರದಲ್ಲಿ, ತಗಡಿನ ಸದ್ದು ನಮ್ಮ ಹತ್ರ ಬರೋಕೆ ಬೇಕಾದ ಸುಮಾರು 29 ಮಿಲಿಸೆಕೆಂಡ್ ಕಳೆದರೆ ಗುಂಡಿನ ಪ್ರಯಾಣದ ಸಮಯ ಸಿಗುತ್ತೆ. ಇಷ್ಟೇ ಲೆಕ್ಕ. 1742ರಲ್ಲೇ ಬೆಂಜಮಿನ್ ರಾಬಿನ್ಸ್ ತೂಗಾಡೋ ಲೋಲಕಕ್ಕೆ ಗುಂಡು ಹೊಡೆದು ವೇಗ ಅಳೆಯೋದನ್ನ ಬರೆದಿದ್ದ. ನಮಗೆ ಕೈಯಲ್ಲಿ ಮೊಬೈಲಿದ್ದೂ ಅಂಗಡಿಯವನ ಮಾತೇ ವೇದವಾಕ್ಯ!

ಹೊಗೆ ನಿಲ್ಲೋ ತನಕ ಇಪ್ಪತ್ತು ಏಟು ಲೆಕ್ಕಕ್ಕೇ ಹಿಡಿಯಲಿಲ್ಲ. ಆಮೇಲೆ ಹೊಸ ಸ್ಪ್ರಿಂಗಿನಲ್ಲಿ ಹತ್ತು. ಮರುದಿನ ಹಳೇದನ್ನೇ ವಾಪಸ್ ಹಾಕಿಸಿ, ಅದೇ ಡಬ್ಬಿಯ ಗುಂಡುಗಳಿಂದ ಹತ್ತು. ಡಬಲ್ ಬಿಡಿ, ಹೊಸದರ ಸರಾಸರಿ ವೇಗ ಹತ್ತಕ್ಕೊಂದು ಪಾಲೂ ಹೆಚ್ಚಿರಲಿಲ್ಲ. ಏಟಿಂದ ಏಟಿಗೆ ಏರುಪೇರು ಮಾತ್ರ ಜಾಸ್ತಿ. ಸ್ಪ್ರಿಂಗು ಅತಿಯಾದರೆ ಪಿಸ್ಟನ್ ಮುಂದಿನ ಗಾಳಿಗೆ ಬಡಿದು ಹಿಂದಕ್ಕೆ ಪುಟಿಯುತ್ತೆ. ಒದೆತ ನಿಮಗೆ, ಗುರಿ ದೇವರಿಗೆ.

ಇಷ್ಟಕ್ಕೇ ನಾನು ಇಷ್ಟುದ್ದ ಬರೀತಿರಲಿಲ್ಲ. ಆ ಸ್ಪ್ರಿಂಗು ಅಳತೆಗಿಂತ ಉದ್ದ ಇತ್ತು. ನಳಿಕೆ ಮಡಚಿದಾಗ ಸುರುಳಿಗಳು ಒಂದಕ್ಕೊಂದು ಒತ್ತಿಕೊಂಡು, ಒಂದು ಸಲ ಒಳಗಿನ ಕೊಂಡಿ ಅರೆಬರೆ ಬಿದ್ದಿತ್ತು. ತಮ್ಮ ಗುಂಡು ಇಡೋಕೆ ಹೋದ. ನಳಿಕೆ ಫಟ್ ಅಂತ ಮೇಲೆದ್ದಿತು. ಹೆಬ್ಬೆರಳು ಕೂದಲೆಳೆಯಲ್ಲಿ ಉಳೀತು. ಅವತ್ತು ಅವನಿಗೆ ಊಟ ಸೇರಲಿಲ್ಲ, ನನಗೂ ಇಲ್ಲ.

"ಹಾಗಾದ್ರೆ ಸ್ಪ್ರಿಂಗ್ ಬದಲಿಸಲೇಬಾರದಾ?" ಅಂತ ಕೇಳ್ತೀರಿ. ಮುರಿದಿದ್ದರೆ, ಕುಗ್ಗಿದ್ದರೆ ಖಂಡಿತ ಬದಲಿಸಿ. ಆದರೆ ತಂತಿಯ ದಪ್ಪ, ಸುರುಳಿಯ ಅಗಲ, ಉದ್ದ ಮೂರೂ ಮೂಲದಷ್ಟೇ ಇರಲಿ. ಗುಂಡು ಇಡುವಾಗ ಇನ್ನೊಂದು ಕೈ ನಳಿಕೆ ಬಿಡದಿರಲಿ. ಇನ್ನು ನಿಜವಾಗ್ಲೂ ಪವರ್ ಏರಿಸಿ 20 ಜೌಲ್ ದಾಟಿದಿರೋ, 2016ರ ಶಸ್ತ್ರಾಸ್ತ್ರ ನಿಯಮದಂತೆ ಲೈಸೆನ್ಸ್ ಬೇಕು. ಅರ್ಧ ಗ್ರಾಂ ಗುಂಡು ಸೆಕೆಂಡಿಗೆ 283 ಮೀಟರ್ ಓಡಿದರೆ ಆಯ್ತು, 20 ಜೌಲ್.

ಆಫೀಸಿನಲ್ಲಿ ಒಂದೇ ಸಲ ಓಡಿದ ಪ್ರೋಗ್ರಾಮನ್ನ ಪಾಸ್ ಅಂದರೆ ಟೆಸ್ಟಿಂಗ್‌ನವರು ಬಿಡ್ತಾರಾ? ಮತ್ತೆ ತಮ್ಮನ ಬೆರಳಿನ ವಿಷಯದಲ್ಲಿ ಮಾತ್ರ ನಮಗೆ ಹೊಗೆ ಕಂಡರೆ ಸಾಕಾ?

ನೀವೇನಂತೀರಿ?